ಸೂಕ್ಷ್ಮದರ್ಶಕದ ಪೆಟ್ಟಿಗೆಯಲ್ಲಿ ಗುರೆಳ್ಳು ಚಟ್ನಿ

ಈ ಸಂಗತಿಯನ್ನು ಬರೆದುಬಿಡಬೇಕೆಂದು ನಾನು ಎಷ್ಟೋ ಸಲ ಕುಳಿತಿದ್ದೇನೆ. ಒಮ್ಮೆ ಪೆನ್ನಿನ ಶಾಯಿ ಒಣಗಿತ್ತು, ಒಮ್ಮೆ ಕನ್ನಡಕ ಸಿಗಲಿಲ್ಲ. ಎರಡೂ ಸರಿಯಿದ್ದ ದಿನ ಹೊಟ್ಟೆ ಸರಿಯಿರಲಿಲ್ಲ. ಮನುಷ್ಯನಿಗೆ ತಪ್ಪೊಪ್ಪಿಕೊಳ್ಳುವ ಮನಸ್ಸು ಬಂದಾಗಲೇ ಮೈಯೊಳಗಿನ ಬೇನೆಗಳೆಲ್ಲ ಒಟ್ಟಿಗೆ ಎಚ್ಚರಗೊಳ್ಳುತ್ತವೆ. ಇವತ್ತು ಏನೂ ನೋಯುತ್ತಿಲ್ಲ, ಆದ್ದರಿಂದ ಬೇರೆ ದಾರಿಯಿಲ್ಲ.

ಎಸ್ಸೆಸ್ಸೆಲ್ಸಿ ಪಾಸಾದ ನಾನು ಎಪ್ಪತ್ತರ ದಶಕದಲ್ಲಿ ಇಳಕಲ್ಲಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದೆ. ಆಗ ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ನಮ್ಮೂರಿನ ನಾಲ್ಕು ಕಾಲೇಜುಗಳಿಗೆ ಸೇರಿ ಒಂದೇ ಒಂದು ಒಳ್ಳೆಯ ಸೂಕ್ಷ್ಮದರ್ಶಕ ಬಂತು. ಅದರ ದೊಡ್ಡ ಮಸೂರಕ್ಕೆ ಒಂದು ಹನಿ ಎಣ್ಣೆ ಹಾಕಿ ನೋಡಬೇಕು, ಹಾಗೆ ನೋಡಿದರೆ ಕಣ್ಣಿಗೆ ಕಾಣದ್ದೆಲ್ಲ ಕಾಣುತ್ತದೆ ಎನ್ನುತ್ತಿದ್ದರು. ನಾಲ್ಕು ಪ್ರಾಂಶುಪಾಲರು ಸೇರಿ ಒಂದು ಹಂಚಿಕೆ ಸಮಿತಿ ಮಾಡಿದರು. ಒಂದೊಂದು ಕಡೆ ಒಂದೊಂದು ವಾರ. ಸರದಿಯನ್ನು ಚೀಟಿ ಎತ್ತಿ ಗೊತ್ತುಮಾಡಿದರು: ಬಾಗಲಕೋಟೆ, ಬಾದಾಮಿ, ಇಳಕಲ್ಲು, ಕೊನೆಗೆ ಹುನಗುಂದ. ಬಾದಾಮಿಯಿಂದ ಇಳಕಲ್ಲಿಗೆ ಬರುವ ನಮ್ಮ ಬಸ್ಸು ಹುನಗುಂದದ ಮೇಲೆಯೇ ಬರುತ್ತಿತ್ತು. ಅಲ್ಲಿ ಇಳಿಸಿಬಿಟ್ಟರೆ ಒಂದು ತಿರುಗಾಟ ಉಳಿಯುತ್ತಿತ್ತು. ಆದರೆ ಚೀಟಿ ಎಂದರೆ ಚೀಟಿ. ಸೂಕ್ಷ್ಮದರ್ಶಕ ಹುನಗುಂದವನ್ನು ದಾಟಿ ಇಳಕಲ್ಲಿಗೆ ಬರುತ್ತಿತ್ತು, ಒಂದು ವಾರದ ಮೇಲೆ ಮತ್ತೆ ಹುನಗುಂದಕ್ಕೆ ಹೋಗುತ್ತಿತ್ತು.

ಯಾರ ಸರದಿಯೋ ಅವರ ಅಟೆಂಡರೇ ಹೋಗಿ ತರಬೇಕು, ಪೆಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿಯಬೇಕು, ನೆಲಕ್ಕಿಡಬಾರದು ಎಂಬ ನಿಯಮವಿತ್ತು. ತೊಡೆಯ ಮೇಲೆ ಕಟ್ಟಿಗೆಯ ಪೆಟ್ಟಿಗೆ ಇಟ್ಟುಕೊಂಡು, ಎರಡೂ ಕೈಯಿಂದ ತಬ್ಬಿಕೊಂಡು ಬಸ್ಸಿನಲ್ಲಿ ಕುಳಿತರೆ ಜನ ಬೇರೇನೋ ತಿಳಿದುಕೊಳ್ಳುತ್ತಿದ್ದರು. ಒಮ್ಮೆ ಬನಶಂಕರಿಯಿಂದ ಬಂದ ಮುದುಕಿಯೊಬ್ಬಳು, "ಯಾವ ದೇವ್ರಪಾ?" ಎಂದು ಕೇಳಿದಳು. ದೇವರಲ್ಲವ್ವಾ, ಸಣ್ಣದನ್ನ ದೊಡ್ಡದು ಮಾಡಿ ತೋರಿಸುವ ಯಂತ್ರ ಎಂದೆ. "ಅದಽ ಅಲ್ಲೇನು ದೇವ್ರ ಕೆಲಸ," ಎಂದು ಪೆಟ್ಟಿಗೆಗೆ ಕುಂಕುಮ ಹಚ್ಚಿ ಕೈಮುಗಿದಳು. ಆ ಕುಂಕುಮ ಕೊನೆಯವರೆಗೂ ಹೋಗಲಿಲ್ಲ.

ಇನ್ನು ನನ್ನ ಹೆಂಡತಿಯ ಮಾತು. ನಮ್ಮ ಕಡೆ ನೆರೆಮನೆಯ ಡಬ್ಬಿಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಇಟ್ಟು ಕೊಡಬೇಕು. ಪೆಟ್ಟಿಗೆಯನ್ನು ನಾಳೆ ಹುನಗುಂದದವರು ಒಯ್ಯುತ್ತಾರೆ ಎಂದು ನಾನು ಹೇಳಿದಾಗ ಅವಳು, "ಖಾಲಿ ಕಳಸ್ತೀರೇನು?" ಎಂದಳು.

"ಖಾಲಿ ಎಲ್ಲೈತಿ? ಒಳಗ ಯಂತ್ರ ಐತೆಲ್ಲ."

"ಅವರದು ಅವರಿಗೇ ಕೊಟ್ರ ಅದೇನ ಕೊಟ್ಟಂಗಾತು? ಅದಕ್ಕ ಎಣ್ಣಿ ಹಾಕಿ ನೋಡ್ತಾರಂತೀರಿ. ಎಣ್ಣಿ ಇದ್ದಲ್ಲಿ ಚಟ್ನಿ ಇದ್ರ ಛಲೋ ಆಕೈತಿ."

ಪೆಟ್ಟಿಗೆಯ ಮೂಲೆಯಲ್ಲಿ ಒಂದು ಸಣ್ಣ ಖಾನೆಯಿತ್ತು. ಕಣ್ಣಿಟ್ಟು ನೋಡುವ ಮಸೂರದ ಜಾಗ ಅದು. ಮಸೂರ ಪೆಟ್ಟಿಗೆ ಒಯ್ಯುವವನ ಜೇಬಿಗೆ ಹೋಯಿತು, ಅದರ ಜಾಗದಲ್ಲಿ ಒಂದು ಶೇಂಗಾ ಉಂಡಿ ಕುಳಿತಿತು. ಅಳತೆ ತೆಗೆದು ಮಾಡಿದಂತಿತ್ತು. ಅಲ್ಲಿಂದ ಇದು ನಾಲ್ಕೂ ಊರಿಗೆ ಹಬ್ಬಿತು. ಬಾಗಲಕೋಟೆಯವರು ಅಮೀನಗಡದ ಕರದಂಟು ಇಟ್ಟರೆ ಬಾದಾಮಿಯವರು ಸಜ್ಜಿ ರೊಟ್ಟಿ ಮುರಿದು ತುರುಕುತ್ತಿದ್ದರು. ಪೆಟ್ಟಿಗೆ ಬಂತೆಂದರೆ ಮೇಷ್ಟ್ರುಗಳು ಓಡಿಬರುತ್ತಿದ್ದರು. ವಿಜ್ಞಾನದ ಮೇಲೆ ಇಷ್ಟು ಪ್ರೀತಿಯನ್ನು ನಮ್ಮ ಪ್ರಾಂಶುಪಾಲರು ಅದಕ್ಕೂ ಮುಂಚೆ ಕಂಡಿರಲಿಲ್ಲವಂತೆ.

ಆದರೆ ಅದರೊಳಗೆ ನಿಜವಾಗಿ ನೋಡುತ್ತಿದ್ದವನು ನಮ್ಮ ನಾಲ್ವರಲ್ಲಿ ಒಬ್ಬನೇ, ಹುನಗುಂದದ ಅಟೆಂಡರ್. ಅವನನ್ನು ಸದ್ಯಕ್ಕೆ ಹುನಗುಂದದಾತ ಎಂದೇ ಕರೆಯುತ್ತೇನೆ. ಹೆಸರು ಬರೆದರೆ ಕೈ ಅಲ್ಲಿಗೇ ನಿಂತುಬಿಡುತ್ತದೆ. ಪೆಟ್ಟಿಗೆ ಒಯ್ಯಲು ಬಂದವನು ನಮ್ಮ ಕಾಲೇಜಿನ ನೀರಿನ ತೊಟ್ಟಿಯಿಂದ ಒಂದು ಹನಿ ತೆಗೆದು ಗಾಜಿನ ಮೇಲಿಟ್ಟು, ಉಸಿರು ಬಿಗಿಹಿಡಿದು ನೋಡುತ್ತಿದ್ದ. "ಬಾರಲೇ, ನೋಡಿಲ್ಲೆ. ಒಂದು ಹನಿಯೊಳಗ ಸಂತಿ ನೆರೆದೈತಿ," ಎನ್ನುತ್ತಿದ್ದ. ನಾನು ಕಣ್ಣಿಡುತ್ತಿದ್ದೆ. ನನಗೆ ಕಾಣುತ್ತಿದ್ದದ್ದು ನನ್ನದೇ ರೆಪ್ಪೆ, ಗದ್ದೆಯ ಬೇಲಿಯ ಹಾಗೆ. ಕಂಡಿತೇ ಎಂದರೆ ಕಂಡಿತು ಎನ್ನುತ್ತಿದ್ದೆ. ಅವನು ನಗುತ್ತಿದ್ದ. ಗೊತ್ತಾಗುತ್ತಿತ್ತೆಂದು ಕಾಣುತ್ತದೆ.

ಆ ವರ್ಷ ಸಮಿತಿಯವರು ನಾಲ್ವರಲ್ಲಿ ಒಬ್ಬನನ್ನು ಸೂಕ್ಷ್ಮದರ್ಶಕದ ಕಾಯಂ ಪಾಲಕನನ್ನಾಗಿ ಮಾಡುವುದೆಂದು ತೀರ್ಮಾನಿಸಿದರು. ಆಮೇಲೆ ಎಲ್ಲ ಊರಿಗೂ ಅದರ ಜೊತೆ ಅವನೇ ಹೋಗಬೇಕು, ಅವನೇ ನೋಡಿಕೊಳ್ಳಬೇಕು. ಹುನಗುಂದದಾತನಿಗೇ ಅದು ಸಿಗುವುದೆಂದು ಎಲ್ಲರಿಗೂ ಗೊತ್ತಿತ್ತು. ಆ ಖುಷಿಗೋ ಏನೋ, ಮೊಹರಂ ಹೊತ್ತಿಗೆ ತನ್ನ ಮನೆಯ ಸ್ಟೀಲ್ ಡಬ್ಬಿಯ ತುಂಬ ಚೊಂಗೆ ಎಂಬ ಸಿಹಿ ರೊಟ್ಟಿ ತಂದು, ಬಾದಾಮಿಯಿಂದ ಪೆಟ್ಟಿಗೆ ತರುತ್ತಿದ್ದ ನನಗೆ ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಕಿಟಕಿಯಿಂದ ಕೊಟ್ಟ.

ಮುಂದಿನ ವಾರ ಅವನು ಪೆಟ್ಟಿಗೆ ಒಯ್ಯಲು ಬಂದ. ಹುನಗುಂದದಲ್ಲಿ ಮರುದಿನ ಪ್ರಾಯೋಗಿಕ ಪರೀಕ್ಷೆ. ಹೆಂಡತಿ ಆ ಡಬ್ಬಿಯಲ್ಲಿ ಗುರೆಳ್ಳಿನ, ಅಂದರೆ ಹುಚ್ಚೆಳ್ಳಿನ, ಒಣ ಚಟ್ನಿ ತುಂಬಿ ಕೊಟ್ಟಿದ್ದಳು. ಅವನ ಎರಡೂ ಕೈ ಪೆಟ್ಟಿಗೆಗೆ, ಡಬ್ಬಿ ಖಾನೆಯಲ್ಲಿ ಹಿಡಿಸದು. ಬಸ್ಸಿನವರೆಗೆ ಅವನ ಜೊತೆ ಹೋಗಿ ಡಬ್ಬಿ ಕೊಟ್ಟು ಬಂದಿದ್ದರೆ ಮುಗಿಯುತ್ತಿತ್ತು. ಬಿಸಿಲಿತ್ತು. ಅವನು ಆಚೆ ಮೇಷ್ಟ್ರ ಜೊತೆ ಮಾತಾಡುತ್ತಿದ್ದಾಗ ನಾನು ಚಟ್ನಿಯನ್ನು ಹಾಳೆಯಲ್ಲಿ ಕಟ್ಟಿ ಖಾನೆಯೊಳಗೆ ತುರುಕಿದೆ. ಅವತ್ತು ಮಸೂರವನ್ನು ತೆಗೆಯುವುದನ್ನೂ ಮರೆತೆ.

ದಾರಿಯಲ್ಲಿ ಹಾಳೆ ಹರಿದು ಚಟ್ನಿ ಮಸೂರಕ್ಕೆ ಮೆತ್ತಿಕೊಂಡಿತು. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಉಳ್ಳಾಗಡ್ಡಿಯ ಸಿಪ್ಪೆ ನೋಡಿ ಚಿತ್ರ ಬರೆಯಬೇಕಿತ್ತು. ಅಷ್ಟೂ ಹುಡುಗರು ನಡುವೆ ಕಪ್ಪಗೆ ದಪ್ಪಗೆ ಒಂದು ಗುರೆಳ್ಳು ಬರೆದು, ಬಾಣ ಎಳೆದು, ಕೋಶಕೇಂದ್ರ ಎಂದು ಹೆಸರಿಟ್ಟರು. ಹೊರಗಿನಿಂದ ಬಂದ ಪರೀಕ್ಷಕರು ತಾವೂ ನೋಡಿ, ಇಷ್ಟು ಸ್ಪಷ್ಟವಾದ ಕೋಶಕೇಂದ್ರವನ್ನು ತಮ್ಮ ಸರ್ವೀಸಿನಲ್ಲೇ ಕಂಡಿಲ್ಲವೆಂದು ಹೊಗಳಿದರು. ಇನ್ನೂ ಸ್ಪಷ್ಟವಾಗಲೆಂದು ಮಸೂರವನ್ನು ಕರವಸ್ತ್ರದಿಂದ ಒರೆಸಿದರು. ಅದೇ ಕರವಸ್ತ್ರದಿಂದ ಕಣ್ಣನ್ನೂ ಒರೆಸಿಕೊಂಡರು. ನಮ್ಮ ಮನೆಯ ಚಟ್ನಿಗೆ ಬ್ಯಾಡಗಿ ಮೆಣಸಿನಕಾಯಿಯ ಜೊತೆ ಗುಂಟೂರಿನದನ್ನೂ ಹಾಕುತ್ತಾರೆ. ಅವರನ್ನು ದವಾಖಾನೆಗೆ ಕರೆದುಕೊಂಡು ಹೋಗಬೇಕಾಯಿತು.

ಬಾಗಲಕೋಟೆಯಲ್ಲಿ ವಿಚಾರಣೆ ನಡೆಯಿತು. ನಾವು ನಾಲ್ವರು ಗೋಡೆಗೆ ಸಾಲಾಗಿ ನಿಂತಿದ್ದೆವು. ಸಮಿತಿಯ ಅಧ್ಯಕ್ಷರು ಸಾಕ್ಷ್ಯದ ಪೊಟ್ಟಣ ಬಿಚ್ಚಿ ಮೂಸಿ ನೋಡಿದರು, ಚಿಟಿಕೆ ಬಾಯಿಗೆ ಹಾಕಿಕೊಂಡರು, ಉಳಿದ ಮೂವರು ಪ್ರಾಂಶುಪಾಲರಿಗೂ ದಾಟಿಸಿದರು. ಒಬ್ಬರು ರೊಟ್ಟಿ ಇದ್ದಿದ್ದರೆ ಖಚಿತವಾಗಿ ಹೇಳಬಹುದಿತ್ತು ಎಂದರು.

"ಗುರೆಳ್ಳು. ಬಳ್ಳೊಳ್ಳಿ ಭಾಳ ಆಗೇತಿ," ಎಂದರು ಅಧ್ಯಕ್ಷರು. "ಯಾರ ಮನೀದಿದು?"

ನಾನು ನನ್ನ ಚಪ್ಪಲಿಯ ಉಂಗುಷ್ಠವನ್ನು ನೋಡುತ್ತಿದ್ದೆ. ಅದನ್ನು ಅಷ್ಟು ಸೂಕ್ಷ್ಮವಾಗಿ ಹಿಂದೆಂದೂ ನೋಡಿರಲಿಲ್ಲ. ಪೊಟ್ಟಣ ಹುನಗುಂದದಾತನ ಮುಂದೆ ಬಂತು. ಅವನು ಮೂಸಿದ, ನನ್ನ ಕಡೆ ಒಮ್ಮೆ ನೋಡಿದ.

"ನಮ್ಮ ಮನೀದ್ ರೀ, ಸರ್."

ಬಸ್ ಸ್ಟ್ಯಾಂಡಿನಲ್ಲಿ ಅವನೇ ಚಹಾ ಹೇಳಿದ. "ಇಷ್ಟ ವರ್ಷ ವೈನಿ ಕೈಲೆ ಮಾಡಿದ್ದು ತಿಂದೇನಿ," ಎಂದ. "ನಾಕ್ ಮಂದಿ ಸಾಹೇಬರ ಮುಂದ ಅವರ ಚಟ್ನಿಗೆ ಹೆಸರಿಡ್ಲೇನು? ನೀ ಏನರ ಹೇಳ್ತಿ ಅನಕೊಂಡಿದ್ದೆ. ಇರ್ಲಿ ಬಿಡು. ಬಳ್ಳೊಳ್ಳಿ ಒಂಚೂರು ಕಮ್ಮಿ ಹಾಕಂತ ಹೇಳು."

ಆಗಲಾದರೂ ತಿರುಗಿ ಒಳಗೆ ಹೋಗಬಹುದಿತ್ತು. ಸಮಿತಿಯವರು ಇನ್ನೂ ಚಟ್ನಿಯ ಮುಂದೆಯೇ ಕುಳಿತಿದ್ದರು. ಆದರೆ ಇಳಕಲ್ಲಿನ ಬಸ್ಸು ಬಂತು, ಸೀಟೂ ಖಾಲಿಯಿತ್ತು. ಸೀಟು ಸಿಕ್ಕ ಬಸ್ಸನ್ನು ಬಿಡುವ ಗುಣ ನನ್ನಲ್ಲಿಲ್ಲ.

ಅವನಿಗೆ ಪೆಟ್ಟಿಗೆ ಮುಟ್ಟಕೂಡದೆಂದು ಆದೇಶವಾಯಿತು, ಗಂಟೆ ಬಾರಿಸುವ ಕೆಲಸ ಕೊಟ್ಟರು. ಪಾಲಕನ ಜಾಗ ನನಗೆ ಬಂತು. ನಿವೃತ್ತಿಯವರೆಗೂ ನಾನೇ ಅದನ್ನು ಹೊತ್ತು ತಿರುಗಿದೆ. ಅಷ್ಟು ವರ್ಷವೂ ಅದರಲ್ಲಿ ನನಗೆ ನನ್ನ ರೆಪ್ಪೆಯ ಹೊರತು ಏನೂ ಕಾಣಲಿಲ್ಲ. ಹುನಗುಂದಕ್ಕೆ ಹೋದಾಗ ಅವನು ಪ್ರಯೋಗಾಲಯದ ಬಾಗಿಲಲ್ಲಿ, ಹೊಸ್ತಿಲಿನಾಚೆ ನಿಂತು, "ಸಂತಿ ನೆರೆದೈತೇನಲೇ?" ಎಂದು ಕೇಳುತ್ತಿದ್ದ. ನೆರೆದೈತಿ ಎನ್ನುತ್ತಿದ್ದೆ. ಗಂಟೆಯ ಹೊತ್ತಾಯಿತೆಂದು ಅವನು ಹೋಗುತ್ತಿದ್ದ.

ಡಬ್ಬಿ ನಮ್ಮ ಮನೆಯಲ್ಲೇ ಉಳಿಯಿತು. ಕೊಟ್ಟು ಬರ್ರಿ ಎಂದು ಹೆಂಡತಿ ವರ್ಷಕ್ಕೊಮ್ಮೆ ಹೇಳುತ್ತಿದ್ದಳು. ಖಾಲಿ ಹೆಂಗ ಕೊಡೂದು ಎಂದು ನಾನು ಅವಳ ಮಾತನ್ನೇ ಅವಳಿಗೆ ತಿರುಗಿಸುತ್ತಿದ್ದೆ. ಅದರಲ್ಲಿ ಇಡಬೇಕಾದದ್ದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೆ ಒಲೆ ಹಚ್ಚುವ ಅಗತ್ಯವೂ ಇರಲಿಲ್ಲ. ಹುನಗುಂದಕ್ಕೆ ಬಸ್ಸು ಅರ್ಧ ತಾಸು. ಹೋದ ವರ್ಷ ಅವನು ತೀರಿಕೊಂಡ. ಮಣ್ಣಿಗೆ ಹೋದೆ, ಬರಿಗೈಯಲ್ಲಿ.

ಇವತ್ತು ಡಬ್ಬಿಯನ್ನು ಕೆಳಗಿಳಿಸಿದ್ದೇನೆ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು ಸವೆದಿದೆ, ಬರಿಗಣ್ಣಿಗೆ ಹತ್ತುವುದಿಲ್ಲ. ಮೊಮ್ಮಗಳ ಭೂತಗನ್ನಡಿ ಹಿಡಿದು ಕಣ್ಣಿಟ್ಟೆ. ಈ ಸಲ ರೆಪ್ಪೆ ಅಡ್ಡ ಬರಲಿಲ್ಲ: ದಾವಲಸಾಬ ಇಮಾಮಸಾಬ ನದಾಫ, ಹುನಗುಂದ.