ಆಪರೇಟರನ ಪರ ವಕೀಲರು

ಟಾಕೀಸಿನ ಆಪರೇಟರನಿಗೆ ಆ ಬೆಳಿಗ್ಗೆ ಚಹಾದ ಚಪಲ ಹತ್ತದಿದ್ದರೆ ಏನೂ ಆಗುತ್ತಿರಲಿಲ್ಲ. ಪ್ರೊಜೆಕ್ಟರ್ ಕೋಣೆಯಲ್ಲೇ ಕೆಟಲ್ ಹಾಕಿದ, ಫ್ಯೂಸು ಹಾರಿತು. ಹಾರಿದ್ದಾದರೂ ಯಾವಾಗ? ಪರದೆಯ ಮೇಲಿನ ನ್ಯಾಯಾಧೀಶರು ಕನ್ನಡಕ ಏರಿಸಿ, ತೀರ್ಪು ಹೇಳಲು ಬಾಯಿ ತೆರೆದ ಹೊತ್ತಿನಲ್ಲಿ.

ಬೇರೆ ಜನವಾಗಿದ್ದರೆ ಸೀಟು ಹರಿದು, ಶಿಳ್ಳೆ ಹೊಡೆದು ಮನೆಗೆ ಹೋಗುತ್ತಿದ್ದರು. ಆದರೆ ಅವತ್ತಿನ ಬೆಳಗಿನ ಆಟವನ್ನು ಪೂರ್ತಿಯಾಗಿ ಕೊಂಡಿದ್ದದ್ದು ವಕೀಲರ ಸಂಘ. ಗತಿಯಿಲ್ಲದ ಬಡವನಿಗೂ ಒಬ್ಬ ವಕೀಲ ಸಿಗಲೇಬೇಕು ಎಂಬುದು ಚಿತ್ರದ ಕತೆ. ಎರಡು ಗಂಟೆ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದವರೇ ಬಡ ಆಪರೇಟರನ ಕೊರಳಪಟ್ಟಿ ಹಿಡಿದು ಪಕ್ಕದ ಠಾಣೆಗೆ ಎಳೆದೊಯ್ದರು. ಮೋಸ, ನಂಬಿಕೆದ್ರೋಹ, ಶಾಂತಿಭಂಗ ಎಂದು ಬಾಯಿಗೆ ಬಂದದ್ದನ್ನೆಲ್ಲ ಸೇರಿಸಿ ದೂರು ಕೊಟ್ಟರು.

ಟಾಕೀಸಿನ ಮಾಲೀಕರು ಠಾಣೆಯ ಬಾಗಿಲಲ್ಲೇ ನಿಂತು, ಸಂಜೆಯ ಆಟಕ್ಕೆ ಆಪರೇಟರ್ ಬರದಿದ್ದರೆ ಆ ಕೆಲಸ ತಮ್ಮ ಭಾವಮೈದನಿಗೆ ಎಂದು ಹೇಳಿ ಹೋದರು. ಭಾವಮೈದ ಇಂಥದ್ದಕ್ಕೇ ಕಾಯುತ್ತ ಕೂತಿದ್ದ ಆಸಾಮಿ.

ಮಧ್ಯಾಹ್ನ ಆಪರೇಟರ್ ಕೋರ್ಟಿನಲ್ಲಿ ಕೈಮುಗಿದು ನಿಂತ. "ತಪ್ಪು ನಂದೇ ಸ್ವಾಮಿ. ದಂಡ ಹಾಕಿ ಕಳಿಸಿಬಿಡಿ, ಸಂಜೆ ಆಟಕ್ಕೆ ನಾನಿರಬೇಕು."

ನ್ಯಾಯಾಧೀಶರು ಪೆನ್ನು ಎತ್ತಿಯೂ ಆಗಿತ್ತು. ಅಷ್ಟರಲ್ಲಿ ಸಂಘದ ಅಧ್ಯಕ್ಷರ ಮೈಮೇಲೆ ಬೆಳಗಿನ ಚಿತ್ರ ಬಂತು.

"ವಕೀಲನಿಲ್ಲದ ಬಡವನ ಬಾಯಿಂದ ತಪ್ಪೊಪ್ಪಿಗೆ ಕಿತ್ಕೊಳ್ಳೋದು ಅನ್ಯಾಯ. ಇವನ ಪರ ನಾನು ಪುಕ್ಕಟೆ ವಾದಿಸ್ತೀನಿ" ಎಂದು ಚಿತ್ರದ ನಾಯಕನ ಹಾಗೆಯೇ ಕೈ ಬೀಸಿದರು.

ಹೀರೋಗಿರಿಯನ್ನು ಅಧ್ಯಕ್ಷರೊಬ್ಬರಿಗೇ ಬಿಡಲು ಸಾಧ್ಯವೇ? ಕಾರ್ಯದರ್ಶಿ ತಾವೂ ಪುಕ್ಕಟೆ ಎಂದರು. ಖಜಾಂಚಿ ಮೇಲ್ಮನವಿಯ ಖರ್ಚೂ ತಮ್ಮದೇ ಎಂದರು. ನೋಡನೋಡುತ್ತ ದೂರು ಕೊಟ್ಟವರೆಲ್ಲರೂ, ಹೊರಟ ಬಸ್ಸಿಗೆ ಮುತ್ತುವವರ ಹಾಗೆ, ಕಟಕಟೆಗೆ ಮುತ್ತಿದರು. ಎದುರಿನ ದೂರುದಾರರ ಬೆಂಚು ಬಿಕೋ ಎನ್ನುತ್ತಿತ್ತು.

"ನನಗೆ ಯಾರೂ ಬೇಡ" ಎಂದ ಆಪರೇಟರ್.

"ಸುಮ್ನಿರಯ್ಯ, ಇದು ನಿನ್ನ ಹಕ್ಕು" ಎಂದು ಅಧ್ಯಕ್ಷರು ಗದರಿದರು.

ನ್ಯಾಯಾಧೀಶರಿಗೆ ತಲೆ ಚಿಟ್ಟು ಹಿಡಿಯಿತು. ವಿರುದ್ಧ ಮಾತಾಡುವವರೇ ಇಲ್ಲವಾದ್ದರಿಂದ ಈಗಲೇ ಬಿಡಬಹುದು, ಆದರೆ ಇವನ ಪರ ವಕೀಲರು ನಿಂತ ಮೇಲೆ ಬಿಡುಗಡೆಯ ಅರ್ಜಿಗೆ ಅವರಲ್ಲೊಬ್ಬರ ಸಹಿ ಬೇಕೇ ಬೇಕು ಎಂದರು. ಆ ಒಬ್ಬರು ಯಾರೆಂದು ಜಗಳ ಶುರುವಾಯಿತು. ಯಾರು ಹಿರಿಯರು, ಸಂಘದ ಚುನಾವಣೆಯಲ್ಲಿ ಯಾರು ಯಾರಿಗೆ ಕೈಕೊಟ್ಟರು, ಎಲ್ಲ ಹೊರಬಿತ್ತು. ಆಪರೇಟರ್ ಅರ್ಜಿ ಹಿಡಿದು ಒಬ್ಬೊಬ್ಬರ ಮುಂದೆಯೂ ಅಂಗಲಾಚಿದ. ಒಬ್ಬರು ಪೆನ್ನು ತೆಗೆದರೆ ಇನ್ನೊಬ್ಬರು ಕಸಿದುಕೊಂಡರು.

ಕೊನೆಗೆ ಯಾರೋ ಗಡಿಯಾರ ನೋಡಿ, ಬೆಳಿಗ್ಗೆ ತಪ್ಪಿದ ತೀರ್ಪನ್ನು ಸಂಜೆಯ ಆಟದಲ್ಲಿ ನೋಡಬಹುದು ಎಂದರು. ನಿಮಿಷದಲ್ಲಿ ಕೋರ್ಟು ಖಾಲಿ. ನ್ಯಾಯಾಧೀಶರೂ ಎದ್ದರು, ಮನೆಯವರು ಟಿಕೆಟ್ ತೆಗೆದಿಟ್ಟಿದ್ದರಂತೆ.

ಸಹಿಯಿಲ್ಲದ ಅರ್ಜಿಯೊಂದಿಗೆ ಆಪರೇಟರ್ ಲಾಕಪ್ಪಿಗೆ ವಾಪಸಾದ. ಸಂಜೆ ಗೋಡೆಯಾಚೆ ಟಾಕೀಸಿನಲ್ಲಿ ಚಪ್ಪಾಳೆಯೋ ಚಪ್ಪಾಳೆ.

"ಬಡವನಿಗೆ ವಕೀಲ ಸಿಕ್ಕಿರಬೇಕು" ಎಂದ ಅವನು, ಸಂಕಟದಿಂದ.

ಪೇದೆ ಕಿವಿಗೊಟ್ಟು ಕೇಳಿ ತಲೆದೂಗಿದ. "ಮಾಲೀಕರ ಭಾವಮೈದ ಪರವಾಗಿಲ್ಲ ಕಣಯ್ಯ. ಮಧ್ಯೆ ಒಂದ್ಸಲನೂ ನಿಲ್ಲಿಸಲಿಲ್ಲ."