ಕೋಡು ಸುಡುವ ಮಗ

ನಿವೃತ್ತನಾದ ಗಂಡಸು ಮನೆಯಲ್ಲಿ ಸುಮ್ಮನೆ ಕುಳಿತರೆ ಮನೆಯವರಿಗೆ ತ್ರಾಸು, ಎದ್ದು ಹೊರಗೆ ಹೋದರೆ ಊರಿಗೆ ತ್ರಾಸು. ನಾನು ದನದ ಡಾಕ್ಟರನಾಗಿದ್ದರಿಂದ ನನ್ನ ತ್ರಾಸು ಕರುಗಳ ಪಾಲಿಗೆ ಬಂತು. ಕೂಕಟ್‌ಪಲ್ಲಿಯ ಫ್ಲ್ಯಾಟಿನಲ್ಲಿ ಪೇಪರನ್ನು ಜಾಹೀರಾತಿನ ಸಮೇತ ಓದಿ ಮುಗಿಸುತ್ತಿದ್ದ ನನಗೆ ಒಂದು ದಿನ ಜ್ಞಾನೋದಯವಾಯಿತು. ಹಳೆಯದೊಂದು ವ್ಯಾನು ಕೊಂಡೆ. ಸಣ್ಣ ಗ್ಯಾಸ್ ಸಿಲಿಂಡರು, ಕಬ್ಬಿಣದ ಸಲಾಕೆ, ನೋವು ತಿಳಿಯದಂತೆ ಕೊಡುವ ಇಂಜೆಕ್ಷನ್ನು ಅದರಲ್ಲಿಟ್ಟೆ. ಊರ ಹೊರಗಿನ ಡೈರಿಗಳಿಗೆ ಹೋಗುವುದು, ಎಳೆಗರುವಿನ ಕೋಡು ಇನ್ನೂ ಅಂಗಿಯ ಗುಂಡಿಯಷ್ಟಿರುವಾಗಲೇ ಸುಟ್ಟು ಮುಂದೆ ಬೆಳೆಯದಂತೆ ಮಾಡಿ ಬರುವುದು, ಇಷ್ಟೇ ಕೆಲಸ.

ಹೊಸ ಕೆಲಸಕ್ಕೆ ಒಳ್ಳೆಯ ದಿನ ಬೇಡವೇ? ನಾವು ಬೀದರ ಕಡೆಯವರು. ದನಗಳ ಹಬ್ಬವೆಂದರೆ ನಮಗೆ ಕಾರಹುಣ್ಣಿಮೆ. ಅವತ್ತೇ ವ್ಯಾನಿಗೆ ಪೂಜೆ ಇಟ್ಟುಕೊಂಡೆ. ಅವತ್ತು ಎತ್ತುಗಳ ಕೋಡಿಗೆ ಬಣ್ಣ ಬಳಿದು, ಗೊಂಡೆ ಕಟ್ಟಿ ಮೆರೆಸುತ್ತಾರೆ ಎಂಬ ಮಾತು ನನ್ನ ಬುದ್ಧಿವಂತ ತಲೆಗೆ ಹೊಳೆಯಲೇ ಇಲ್ಲ. ಆರತಿ ತಟ್ಟೆ ಹಿಡಿದು ಕೆಳಗೆ ಬಂದ ಅವ್ವ, ವ್ಯಾನಿನ ಮೇಲೆ ಬರೆಸಿದ್ದ ಬೋಳುತಲೆಯ ಕರುವನ್ನು ನೋಡಿದಳು.

"ಇದೇನೋ?"

"ಕೋಡು ಸುಡೂ ಗಾಡಿ, ಅವ್ವಾ."

"ಕೋಡಿಗೆ ಬಣ್ಣಾ ಹಚ್ಚೂ ದಿನಾ ಕೋಡು ಸುಡಾಕ ಹೊಂಟೀಯೇನೋ, ಭಾಡ್ಯಾ!"

ತಟ್ಟೆ ಸಮೇತ ಲಿಫ್ಟು ಹತ್ತಿದಳು. ಅಂದಿನಿಂದ ನನ್ನೊಡನೆ ಮಾತಿಲ್ಲ. ನಾನು ತಂದ ಹಾಲನ್ನೂ ಮುಟ್ಟಲಿಲ್ಲ. ವಾಚ್‌ಮನ್ ನನ್ನನ್ನು 'ಕೊಮ್ಮುಲ ಡಾಕ್ಟರ್', ಅಂದರೆ ಕೋಡಿನ ಡಾಕ್ಟರ್ ಎಂದು ಕರೆಯತೊಡಗಿದ. ನನ್ನ ಅಂಗಿಯ ಸುಟ್ಟ ವಾಸನೆಗೆ ಲಿಫ್ಟಿನೊಳಗಿದ್ದವರು ತಮ್ಮ ಮಹಡಿ ಬರುವ ಮೊದಲೇ ಇಳಿಯುತ್ತಿದ್ದರು. ಅದನ್ನೆಲ್ಲ ನುಂಗಿಕೊಂಡೆ. ಆದರೆ ಅವ್ವನಿಗೆ ಎಂಬತ್ತು ದಾಟಿದೆ. ಈ ವಯಸ್ಸಿನಲ್ಲಿ ಮಾತು ಬಿಟ್ಟವಳು ಮತ್ತೆ ಮಾತಾಡುವ ಮೊದಲೇ ಹೋಗಿಬಿಟ್ಟರೆ? ಹೆದರಿಕೆಯಾಗುತ್ತಿತ್ತು.

ಅವಳಿಗೆ ಬಿಡಿಸಿ ಹೇಳೋಣವೆಂದರೆ ಹೇಳುವುದೇನು? ನನ್ನಪ್ಪ ಸತ್ತದ್ದೇ ಎತ್ತಿನ ಕೋಡಿನಿಂದ. ಮೇವು ಹಾಕಲು ಬಗ್ಗಿದ್ದ, ಎತ್ತು ನೊಣ ಓಡಿಸಲು ತಲೆ ಕೊಡವಿತು, ಕೋಡು ಹೊಟ್ಟೆಗೆ ಹೋಯಿತು. ಮನೆಯಲ್ಲಿದ್ದದ್ದು ಒಂದೇ ಗಾಡಿ. ಆಸ್ಪತ್ರೆಗೆ ಒಯ್ಯಲು ಅದಕ್ಕೆ ಹೂಡಿದ್ದೂ ಅದೇ ಎತ್ತನ್ನು. ಅಪ್ಪ ದಾರಿಯಲ್ಲೇ ಹೋದ. ಎತ್ತನ್ನು ಮಾರಿಬಿಡು ಎಂದು ಊರೇ ಹೇಳಿತು. "ಮೂಕ ಪ್ರಾಣಿ, ಅದಕ್ಕೇನ ಗೊತ್ತು" ಎಂದ ಅವ್ವ, ಮುಂದಿನ ಕಾರಹುಣ್ಣಿಮೆಗೆ ಅದೇ ಕೋಡಿಗೆ ಕೈಯಾರೆ ಬಣ್ಣ ಬಳಿದಳು.

ಒಂದು ದಿನ ಅವಳ ಮೊಣಕಾಲು ತೋರಿಸಿಕೊಂಡು ಅದೇ ವ್ಯಾನಿನಲ್ಲಿ ಮರಳುತ್ತಿದ್ದೆವು. ಮೇಡ್ಚಲ್ ಕಡೆ ಡೈರಿ ನಡೆಸುವ ಅಂಜಮ್ಮನ ಫೋನು ಬಂತು, ಹೋದೆವು. ಅವಳ ಗಂಡ ಊರಲ್ಲಿರಲಿಲ್ಲ, ಕರು ಒಬ್ಬರ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಅವ್ವ ಕುಂಟುತ್ತ ಇಳಿದು ಬಂದು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತು, ಕರುವಿನ ತಲೆಯನ್ನು ಮಡಿಲಿಗೆಳೆದುಕೊಂಡಳು. ಇಂಜೆಕ್ಷನ್ ಕೊಟ್ಟೆ, ಕಾದೆ, ಸಲಾಕೆ ಒತ್ತಿದೆ. ಹೊಗೆ ಎದ್ದರೂ ಅವ್ವ ಮುಖ ತಿರುಗಿಸಲಿಲ್ಲ. "ಚೂಡಮ್ಮಾ", ನೋಡಮ್ಮಾ ಎಂದು ಅಂಜಮ್ಮ ಸೀರೆ ಸರಿಸಿ, ಆ ಕರುವಿನ ತಾಯಿ ತಿವಿದ ಗಾಯದ ಹೊಲಿಗೆ ತೋರಿಸಿದಳು. ಹೊಟ್ಟೆಯ ಪಕ್ಕದಲ್ಲೇ ಇತ್ತು. ಅವ್ವ ಅದರ ಮೇಲೆ ಕೈಯಿಟ್ಟವಳು ಬಹಳ ಹೊತ್ತು ತೆಗೆಯಲಿಲ್ಲ.

ಅದೇ ವಾರ ಮಣ್ಣೆತ್ತಿನ ಅಮಾವಾಸ್ಯೆ, ಮಣ್ಣಿನಲ್ಲಿ ಜೋಡೆತ್ತು ಮಾಡಿ ಪೂಜಿಸುವ ದಿನ. ಅವ್ವ ಬಾಲ್ಕನಿಯಲ್ಲಿ ಕುಳಿತು ಎತ್ತು ಮಾಡಿ ದೇವರ ಮುಂದಿಟ್ಟಳು. ನೋಡಿದರೆ ಎರಡಕ್ಕೂ ಕೋಡಿಲ್ಲ.

"ಅವ್ವಾ, ಕೋಡು?"

"ಬ್ಯಾಡಪಾ," ಎಂದಳು. ಕೊನೆಗೂ ಮಾತಾಡಿದಳು. "ಆ ಎತ್ತಿಗೂ ಸಣ್ಣದಿದ್ದಾಗ ಯಾರರ ಸುಟ್ಟಿದ್ರ, ನಿಮ್ಮಪ್ಪ ಇವತ್ತ ಇಲ್ಲೆ ಕುಂತು ನಿನಗ ಬೈತಿದ್ದ."

ಗೆದ್ದೆನೆಂದು ಕುಣಿಯಬೇಕಿತ್ತು. ಅಳು ಬಂತು. ಅವ್ವ ಹೋಳಿಗೆ ತರಲು ಒಳಗೆ ಹೋದಾಗ, ಆ ಬೋಳು ತಲೆಗಳಿಗೆ ಕೈಮುಗಿಯಲು ಎಷ್ಟು ಯತ್ನಿಸಿದರೂ ಆಗಲಿಲ್ಲ. ಉಳಿದ ಮಣ್ಣಿನಲ್ಲಿ ಚಿವುಟಿ ನಾಲ್ಕು ಕೋಡು ಹೊಸೆದು ಅಂಟಿಸತೊಡಗಿದೆ. ಒಂದು ಸೊಟ್ಟಗಾಯಿತು, ಇನ್ನೊಂದು ಬಿದ್ದೇಹೋಯಿತು. ತಟ್ಟೆ ಹಿಡಿದು ಬಂದ ಅವ್ವ ಬಾಗಿಲಲ್ಲೇ ನಿಂತು ನೋಡಿದಳು.

"ಸುಡೂದಷ್ಟ ಬರತೈತಿ ನಿನಗ," ಎಂದು ನನ್ನ ಕೈಯಿಂದ ಮಣ್ಣು ಕಸಿದುಕೊಂಡಳು. "ಸರಿ ಅತ್ಲಾಗ."