ಲಾನಿಗೆ ಹಾಕಿದ ರಾಗಿ ಗೊಬ್ಬರ

ಅಂಗಡಿಯಲ್ಲಿ ಮಾನ ಉಳಿಸಿಕೊಳ್ಳಲು ಸುಳ್ಳು ಹೇಳದವರು ಯಾರಾದರೂ ಇದ್ದರೆ ಅವರಿಗೆ ನನ್ನದೊಂದು ದೊಡ್ಡ ನಮಸ್ಕಾರ. ಬಟ್ಟೆ ಅಂಗಡಿಯಲ್ಲಿ ‘ಇಂಥದ್ದು ಮನೇಲಿದೆ’ ಎಂದು ಎಲ್ಲರೂ ಹೇಳುತ್ತಾರೆ. ನಾನು ಹೇಳಿದ್ದು ಗೊಬ್ಬರದಂಗಡಿಯಲ್ಲಿ, ಅದೂ ಒಂದು ಲಾನಿಗಾಗಿ.

ಅವಲಪಲ್ಲಿಯ ನಮ್ಮ ಮನೆ ಮುಂದೆ ನಾಲ್ಕು ಚಾಪೆ ಹಾಸುವಷ್ಟು ಜಾಗವಿದೆ. ಹಗಲೆಲ್ಲ ಕಾರ್ಖಾನೆಯಲ್ಲಿ ಕಬ್ಬಿಣ ಅಳೆಯುವ ನನಗೆ, ಸಂಜೆ ಬರಿಗಾಲಲ್ಲಿ ಹುಲ್ಲಿನ ಮೇಲೆ ನಿಂತು ಕಾಫಿ ಕುಡಿಯುವ ಆಸೆ. ಅದಕ್ಕೆಂದೇ ಅಲ್ಲಿ ಲಾನು ಹಾಕಿಸಿದೆ. ಬೇರಿಕೆಯ ಹತ್ತಿರ ಬೇಸಾಯ ಮಾಡುವ ನನ್ನ ಮಾವನಿಗೆ ಇದು ಅರ್ಥವೇ ಆಗಲಿಲ್ಲ. ಜೀವಮಾನವೆಲ್ಲ ಹುಲ್ಲು ಕಿತ್ತು ಬಿಸಾಕಿದ ಮನುಷ್ಯ. “ದುಡ್ಡು ಕೊಟ್ಟು ಕಳೆ ತಂದೋರ್ನ ಇವತ್ತೇ ನೋಡಿದ್ದು” ಎಂದರು. ಆಮೇಲೆ ನಾನು ಧಾರಾಳವಾಗಿ ಯೂರಿಯಾ ಎರಚಿ, ನೀರು ಬಿಡುವುದನ್ನು ಮರೆತು, ಹುಲ್ಲು ಅಲ್ಲಲ್ಲಿ ಸುಟ್ಟುಹೋದಾಗ ಖಡಾಖಂಡಿತವಾಗಿ ಹೇಳಿಬಿಟ್ಟರು: “ಎರಡು ತಿಂಗ್ಳು ನೋಡ್ತೀನಿ ಅಳಿಯಂದ್ರೇ. ಹಿಂಗೇ ಇದ್ರೆ ಅಗೆದಾಕಿ ಅವರೆ ಹಾಕ್ಬುಡ್ತೀನಿ.” ಆಸರೆಗೆಂದು ಹೆಂಡತಿಯ ಮುಖ ನೋಡಿದೆ. ಅವಳಿಗೆ ಹಿಸುಕಿದ ಅವರೆಕಾಳಿನ ಸಾರೆಂದರೆ ಪ್ರಾಣ. ನನ್ನ ಕಡೆ ಯಾರೂ ಇರಲಿಲ್ಲ.

ಬಾಗಲೂರಿನ ಗೊಬ್ಬರದಂಗಡಿಗೆ ಓಡಿದೆ. ಅಲ್ಲಿ ಕೋಸು, ಗುಲಾಬಿ, ಟೊಮೇಟೊ ಬೆಳೆಯುವ ರೈತರ ಗುಂಪು. “ಏನು ಬೆಳೆ ಸಾರ್?” ಎಂದ ಅಂಗಡಿಯವನು. ಅಷ್ಟು ಜನರ ನಡುವೆ ‘ಹುಲ್ಲು’ ಎನ್ನಲು ನಾಲಿಗೆ ಹೊರಳಲಿಲ್ಲ. “ರಾಗಿ” ಎಂದುಬಿಟ್ಟೆ. ಪಕ್ಕದಲ್ಲಿದ್ದ ಅಜ್ಜ ಸುಮ್ಮನೆ ಬಿಡಬೇಕಲ್ಲ!

“ಎಲ್ಲೈತೆ ಹೊಲ?”

“ಅವಲಪಲ್ಲಿ.”

“ಅಲ್ಲಿನ್ನೆಲ್ಲಿ ಹೊಲ ಸ್ವಾಮಿ? ಎಲ್ಲಾ ಸೈಟಾಗೋಯ್ತಲ್ಲ!”

“ಉಳಿದಿರೋದು ನಂದೊಂದೇ” ಎಂದೆ.

ಅಜ್ಜ ನನ್ನ ಎರಡೂ ಕೈ ಹಿಡಿದುಕೊಂಡರು. “ಯಾರು ಎಷ್ಟು ಕೊಡ್ತೀನಂದ್ರೂ ಮಾರ್ಬ್ಯಾಡಪ್ಪಾ” ಎಂದರು. ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು. ಆದರೂ ಮುಖ ಗಂಭೀರ ಮಾಡಿಕೊಂಡು ತಲೆಯಾಡಿಸಿದೆ. ಅಂಗಡಿಯವನಿಗೂ ನನ್ನ ಮೇಲೆ ಗೌರವ ಬಂತು; ಬಿಡಿಸಿ ಹೇಳಿದ: ಮೊದಲು ಹಳೆಯ ಕೊಟ್ಟಿಗೆ ಗೊಬ್ಬರ ಪುಡಿ ಮಾಡಿ ಉದುರಿಸಬೇಕು, ಆಮೇಲೆ ಚೂರೇ ಚೂರು ಯೂರಿಯಾ, ಮರಳಲ್ಲಿ ಬೆರೆಸಿ ಹಾಕಿ, ಕೂಡಲೇ ನೀರು ಬಿಡಬೇಕು. “ಜಾಸ್ತಿ ಹಾಕಿದ್ರೆ ಸುಟ್ಟೋಗುತ್ತೆ ಸಾರ್” ಎಂದ. ಅದೊಂದು ಮಾತ್ರ ಅವನಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು.

ರಾಗಿಯೂ ಹುಲ್ಲಿನ ಜಾತಿಯೇ ಎಂಬುದು ಮಾತ್ರ ನನಗೆ ಆಮೇಲೆ ತಿಳಿದದ್ದು. ನನ್ನ ಸುಳ್ಳು ನನಗಿಂತ ಬುದ್ಧಿವಂತವಾಗಿತ್ತು. ತಿಂಗಳು ಕಳೆಯುವಷ್ಟರಲ್ಲಿ ಲಾನು ಹಸಿರಾಗಿ ದಟ್ಟವಾಗಿ ಎದ್ದಿತು ನೋಡಿ, ಬೀದಿಯವರೆಲ್ಲ ಗೇಟಿನ ಹತ್ತಿರ ನಿಂತು ನೋಡಿಕೊಂಡು ಹೋಗತೊಡಗಿದರು!

ಗಡುವಿಗೆ ಸರಿಯಾಗಿ ಮಾವ ಬಂದರು. ಕೈಯಲ್ಲಿ ಅವರೆಬೀಜದ ಪೊಟ್ಟಣ. ಕೂತರು, ಹುಲ್ಲಿನ ಮೇಲೆ ಕೈಯಾಡಿಸಿದರು, ಒಂದು ಗರಿ ಕಿತ್ತು ಬಾಯಲ್ಲಿಟ್ಟು ಅಗಿದರು. “ಯಾವ ಗೊಬ್ಬರ ಹಾಕಿದ್ರಿ?” ಎಂದರು. ಮದುವೆಯಾದ ಮೇಲೆ ಅವರು ಬೇಸಾಯದ ವಿಚಾರದಲ್ಲಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ! ಎದೆಯುಬ್ಬಿಸಿಕೊಂಡು ವಿವರಿಸಿದೆ. “ಗೆದ್ಬುಟ್ರಿ ಅಳಿಯಂದ್ರೇ” ಎಂದು ಬೆನ್ನು ತಟ್ಟಿದರು. ಹೆಂಡತಿ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಸ್ವರ್ಗ ಅಂಗೈಯಲ್ಲಿತ್ತು.

ನಾನು ಸಿಹಿ ತರಲು ಹೋಗಿ ಬರುವಷ್ಟರಲ್ಲಿ ಅವರು ಪಕ್ಕದ ಮನೆಯಿಂದ ಕುಡುಗೋಲು ತಂದು ಅರ್ಧ ಲಾನು ಕೊಯ್ದು ಚೀಲಕ್ಕೆ ತುಂಬಿದ್ದರು. “ಇನ್ನೂ ಬುಟ್ರೆ ಬಲ್ತೋಗ್ತದೆ. ನಮ್ಮ ಹಸುಗೆ ಆಯ್ತದೆ” ಎಂದರು.

ಮರುದಿನ ಬೆಳಗ್ಗೆಯೇ ಮಾವನ ಫೋನು. ಕೋಪ ಮಾಡಿಕೊಳ್ಳಬೇಕೆಂದೇ ಎತ್ತಿಕೊಂಡೆ. ಆದರೆ ಬಾಯಿಂದ ಬಂದದ್ದು ಒಂದೇ ಮಾತು: “ಮಾವ, ಹಸು ಏನಂತು?”